ಮೊದಲ ಗಡ್ಡೆಯ ದರ

ನನ್ನ ಇಬ್ಬರು ಸೋದರಮಾವಂದಿರು ಮಾತು ಬಿಟ್ಟು ಆರು ವರ್ಷವಾಗಿತ್ತು. ಆ ಆರು ವರ್ಷವೂ ಮೀನು ಮಾರುಕಟ್ಟೆಯ ಹೆಂಗಸರು ಸುಖವಾಗಿದ್ದರು. ಇವೆರಡಕ್ಕೂ ಸಂಬಂಧವಿದೆ ಎಂದು ಮೊದಲು ಕಂಡುಹಿಡಿದವಳು ನನ್ನ ಅಮ್ಮ. ಅವಳು ಆ ಇಬ್ಬರಿಗೂ ಅಕ್ಕ. ಅದೇ ಮಾರುಕಟ್ಟೆಯಲ್ಲಿ ಮೀನು ಮಾರುವವಳು.

ಬಂದರಿನ ರಸ್ತೆಯಲ್ಲಿ ಇದ್ದದ್ದು ಒಂದೇ ಐಸ್ ಫ್ಯಾಕ್ಟರಿ, ಅಜ್ಜ ಕಟ್ಟಿಸಿದ್ದು. ಅಜ್ಜ ಹೋದ ಮೇಲೆ ಪಾಲಾಯಿತು. ಉಪ್ಪುನೀರಿನ ತೊಟ್ಟಿ, ಡಬ್ಬಿಗಳು, ಐಸ್ ಗಡ್ಡೆ ಎತ್ತುವ ಸರಪಳಿ ಎಲ್ಲವನ್ನೂ ಸರಿಸಮ ಹಂಚಿದರು. ಉಳಿದದ್ದು ಒಂದು ಕಂಪ್ರೆಸರ್, ಒಂದು ಬಾವಿ. ಇವನ್ನು ಕೊಯ್ದು ಎರಡು ಮಾಡಲು ಬರುವುದಿಲ್ಲ. ದೊಡ್ಡ ಮಾವ ಕಂಪ್ರೆಸರ್ ಇಟ್ಟುಕೊಂಡ, ಚಿಕ್ಕ ಮಾವನಿಗೆ ಬಾವಿ ಬಂತು. ಅಂದಿನಿಂದ ದೊಡ್ಡ ಮಾವ ಟ್ಯಾಂಕರಿನಲ್ಲಿ ನೀರು ತರಿಸಿದ. ಚಿಕ್ಕ ಮಾವ ಎಲ್ಲಿಂದಲೋ ಒಂದು ಹಳೆಯ ಕಂಪ್ರೆಸರ್ ಹೊತ್ತು ತಂದ. ತಾನೇ ಮೋಸ ಹೋದದ್ದು ಎಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ಸೂರಿನ ಕೆಳಗೆ, ಸರಿಯಾಗಿ ಮಧ್ಯದಲ್ಲಿ, ಇಟ್ಟಿಗೆಯ ಗೋಡೆ ಎದ್ದಿತು. ಎರಡು ಬಾಗಿಲು, ಎರಡು ಸ್ಲೇಟು. ಸ್ಲೇಟಿನ ಮೇಲೆ ಆ ದಿನದ ಗಡ್ಡೆಯ ದರ.

ದರ ಬರೆಯುವುದಕ್ಕೆ ಒಂದು ಪದ್ಧತಿಯಿತ್ತು. ದಿನದ ಮೊದಲ ಗಡ್ಡೆ ಅಕ್ಕನಿಗೇ ಹೋಗಬೇಕು, ಆಮೇಲೆಯೇ ಸ್ಲೇಟಿನಲ್ಲಿ ಬರೆಯಬೇಕು. ಇದು ಅಜ್ಜನ ಕಾಲದ್ದು. ಮಗಳು ಮೊದಲು ಒಯ್ದರೆ ಆ ದಿನ ಒಂದು ಗಡ್ಡೆಯೂ ಮಾರದೆ ಉಳಿಯುವುದಿಲ್ಲ ಎಂದು ಅವನು ನಂಬಿದ್ದ. ಪಾಲಾದ ಮೇಲೆ ಇಬ್ಬರು ತಮ್ಮಂದಿರೂ ಈ ಪದ್ಧತಿಯನ್ನು ಬಿಡಲಿಲ್ಲ. ಅಮ್ಮ ಬೆಳಿಗ್ಗೆ ಐದೂವರೆಗೆ ಕೈಗಾಡಿ ತಳ್ಳಿಕೊಂಡು ಹೋಗಿ ಎರಡೂ ಬಾಗಿಲಲ್ಲಿ ಒಂದೊಂದು ಗಡ್ಡೆ ತೆಗೆದುಕೊಳ್ಳುತ್ತಿದ್ದಳು. ಸ್ಲೇಟು ಇನ್ನೂ ಖಾಲಿ. ಗೋಡೆಯಾಚೆ ಏನು ದರ ಎಂದು ತಿಳಿಯಲು ಇಬ್ಬರಿಗೂ ಇದ್ದ ದಾರಿ ಅಕ್ಕ ಒಬ್ಬಳೇ.

"ಅವನು ಎಷ್ಟು ಹಿಡಿದಿದಾನಕ್ಕಾ?" ಎಂದು ದೊಡ್ಡ ಮಾವ ಕೇಳುತ್ತಿದ್ದ, ಕಿವಿಯ ಮೇಲಿನ ಬಳಪ ತೆಗೆಯುತ್ತ.

"ಎಪ್ಪತ್ತು ಅಂದ್ನಪ್ಪ."

ಚಿಕ್ಕ ಮಾವ ಹೇಳಿರುತ್ತಿದ್ದದ್ದು ಎಪ್ಪತ್ತೈದು. ದೊಡ್ಡ ಮಾವ ಅರವತ್ತೆಂಟು ಎನ್ನುತ್ತಿದ್ದ. ಅಮ್ಮ ಗಾಡಿ ತಿರುಗಿಸಿ ಪಕ್ಕದ ಬಾಗಿಲಿಗೆ ಹೋಗಿ, "ಅವನು ಅರವತ್ತೈದಕ್ಕೆ ಕೊಡ್ತಿದಾನೆ ಕಣೋ, ನೀನು ನೋಡು" ಎನ್ನುತ್ತಿದ್ದಳು. ಸೂರ್ಯ ಬರುವ ಹೊತ್ತಿಗೆ ಎರಡೂ ಸ್ಲೇಟಿನಲ್ಲಿ ಅರವತ್ತು. ಮಾರುಕಟ್ಟೆಯ ಹೆಂಗಸರು ಅವಳಿಗೆ 'ಸ್ಲೇಟಕ್ಕ' ಎಂದು ಹೆಸರಿಟ್ಟಿದ್ದರು. ಪ್ರೀತಿಯಿಂದಲೇ.

ಐಸಿನ ದರ ನಮಗೆ ಯಾಕೆ ಮುಖ್ಯ ಎಂಬುದು ಮಧ್ಯಾಹ್ನ ಮಾರುಕಟ್ಟೆಗೆ ಬಂದವರಿಗೆ ತಿಳಿಯುತ್ತದೆ. ಹನ್ನೆರಡೂವರೆಗೆ ಅಲ್ಲಿಗೆ ಒಬ್ಬ ದಲ್ಲಾಳಿ ಬರುತ್ತಾನೆ. ಅವನ ಹೆಸರೇ 'ಹನ್ನೆರಡೂವರೆ'. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾನೆ, ಚೌಕಾಸಿ ಮಾಡುವುದಿಲ್ಲ. ಮೀನನ್ನೂ ಅಷ್ಟಾಗಿ ನೋಡುವುದಿಲ್ಲ. ಮೀನಿನ ಮೇಲೆ ಎಷ್ಟು ಐಸ್ ಉಳಿದಿದೆ ಎಂದು ನೋಡುತ್ತಾನೆ. ಐಸ್ ಕರಗಿದ್ದರೆ ತನಗೆ ತೋಚಿದ ದರ ಹೇಳುತ್ತಾನೆ, ಬುಟ್ಟಿ ಅವನದಾಗುತ್ತದೆ. ಐಸ್ ಇದ್ದರೆ ಹೆಂಗಸರು ಸಂಜೆಯವರೆಗೆ ಕಾಯುತ್ತಾರೆ. ಆಫೀಸಿನಿಂದ ಮನೆಗೆ ಹೋಗುವವರು ಬರುತ್ತಾರೆ, ದುಪ್ಪಟ್ಟು ಸಿಗುತ್ತದೆ. ಅಮ್ಮ ನನ್ನ ಕಾಲೇಜಿನ ಫೀಸು ಕಟ್ಟಿದ್ದು ಸಂಜೆಯ ದುಡ್ಡಿನಲ್ಲಿ. ಗಡ್ಡೆ ನೂರು ದಾಟಿದರೆ ಅವಳಿಗೆ ಸಂಜೆ ಎಂಬುದೇ ಇರುವುದಿಲ್ಲ.

ನಾನು ಓದುತ್ತಿದ್ದದ್ದು ಅರ್ಥಶಾಸ್ತ್ರ. ಎರಡನೆಯ ವರ್ಷದ ಪುಸ್ತಕದಲ್ಲಿ 'ಮಾರುಕಟ್ಟೆಯ ರಚನೆ' ಎಂಬ ಅಧ್ಯಾಯ ಬಂದಾಗ ನನಗೆ ಹಿಗ್ಗೋ ಹಿಗ್ಗು. ನಮ್ಮ ಮಾವಂದಿರೇ ಅಚ್ಚಾಗಿದ್ದರು. ಒಂದು ರಜಾದಿನ ಅಮ್ಮನ ಕಟ್ಟೆಯ ಹತ್ತಿರ ಕೂತು ಹೆಂಗಸರಿಗೆ ಪಾಠ ಮಾಡಿದೆ. ಮಾರುವವರು ಇಬ್ಬರೇ ಇದ್ದು, ಅವರು ರಾಜಿಯಾಗದಿದ್ದರೆ, ಒಬ್ಬರನ್ನೊಬ್ಬರು ಕೆಳಗೆ ತಳ್ಳುತ್ತ ಹೋಗುತ್ತಾರೆ. ದರ ತಯಾರಿಕೆಯ ಖರ್ಚಿಗೆ ಬಂದು ಮುಟ್ಟಿದಾಗ ನಿಲ್ಲುತ್ತದೆ. ಕರೆಂಟು, ಉಪ್ಪು, ಅಮೋನಿಯಾ, ಕೂಲಿ ಎಲ್ಲ ಕೂಡಿಸಿ ಲೆಕ್ಕ ಹಾಕಿದ್ದೆ: ಗಡ್ಡೆಗೆ ಐವತ್ತು.

"ಐವತ್ತಕ್ಕಿಂತ ಕೆಳಗೆ ಹೋಗಲ್ಲ. ಅಲ್ಲಿಗೆ ನಿಂತುಬಿಡುತ್ತೆ. ಅವರಿಗೂ ನಷ್ಟ ಇಲ್ಲ, ನಿಮಗೂ ಸುಖ" ಎಂದೆ.

"ಆಮೇಲೆ?" ಎಂದಳು ಅಮ್ಮ, ಮೀನಿನ ಕಿವಿರು ಕೀಳುತ್ತ.

"ಆಮೇಲೆ ಏನಿಲ್ಲ. ಹಾಗೇ ಇರುತ್ತೆ."

"ಎಷ್ಟು ದಿನ?"

"ಪುಸ್ತಕದಲ್ಲಿ ದಿನ ಕೊಟ್ಟಿಲ್ಲಮ್ಮ."

ಪಕ್ಕದ ಕಟ್ಟೆಯವಳು ಮುಸಿಮುಸಿ ನಕ್ಕಳು. ದಪ್ಪ ಗಾಜಿನ ಕನ್ನಡಕದಿಂದಾಗಿ ಅವಳನ್ನು ಎಲ್ಲರೂ 'ಕನ್ನಡಕ' ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷದಿಂದ ಅಮ್ಮನೂ ಅವಳೂ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರು.

ಆ ತಿಂಗಳು ದರ ನಲವತ್ತನಾಲ್ಕಕ್ಕೆ ಇಳಿಯಿತು.

"ನಿನ್ನ ಪುಸ್ತಕ ಬರೆದೋನಿಗೆ ತಮ್ಮ ಇರ್ಲಿಲ್ಲ ಅಂತ ಕಾಣುತ್ತೆ" ಎಂದಳು ಕನ್ನಡಕ.

ದರ ಇಳಿದಷ್ಟೂ ಮಾವಂದಿರ ಮನೆಯಲ್ಲಿ ಬಿಸಿ ಏರಿತು. ಅತ್ತೆಯರಿಬ್ಬರೂ ಜಗಳವಾಡಿದವರೇ ಅಲ್ಲ. ಗೋಡೆಯಲ್ಲಿ ಒಂದು ಇಟ್ಟಿಗೆ ಸಡಿಲವಿತ್ತು. ಗಂಡಂದಿರು ಮಲಗಿದ ಮಧ್ಯಾಹ್ನ ಅದನ್ನು ತೆಗೆದು ಆರು ವರ್ಷವೂ ಹರಟಿದ್ದರು. ಈಗ ಇಬ್ಬರೂ ಒಟ್ಟಿಗೆ ನಮ್ಮ ಮನೆಗೆ ಬಂದರು.

"ಅತ್ತಿಗೆ, ನೀವು ಹೇಳಿದ್ರೆ ಮಾತ್ರ ಕೇಳ್ತಾರೆ. ಒಂದು ಊಟಕ್ಕೆ ಕರೀರಿ. ಎದುರುಬದುರು ಕೂರಿಸಿ. ಉಳಿದದ್ದು ತಾನಾಗೇ ಆಗುತ್ತೆ" ಎಂದಳು ದೊಡ್ಡತ್ತೆ.

"ಆಗ್ಲಿ ಬಿಡು. ನನಗೂ ಅದೇ ಕೊರಗು" ಎಂದಳು ಅಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಣ್ಣಲ್ಲಿ ಏನಾದರೂ ಇತ್ತೋ ಇಲ್ಲವೋ ನಾನು ನೋಡಲಿಲ್ಲ.

ಸುದ್ದಿ ಮಾರುಕಟ್ಟೆಗೆ ಮುಟ್ಟಿದಾಗ ಅಲ್ಲಿ ಸೂತಕದ ಕಳೆ.

"ಅಣ್ಣತಮ್ಮ ಒಂದಾದ್ರೆ ನಾವು ಗತಿಗೆಟ್ವಿ" ಎಂದಳು ಒಬ್ಬಳು. "ಇಬ್ಬರೂ ಸೇರಿ ನೂರಿಪ್ಪತ್ತು ಬರೀತಾರೆ, ನೋಡ್ತಿರು."

"ಸ್ಲೇಟಕ್ಕ, ಊಟಕ್ಕೆ ಕರೀಬೇಡ್ವೇ!"

"ಕರೀದೇ ಇರೋಕಾಗುತ್ತಾ? ಒಡಹುಟ್ಟಿದವರು" ಎಂದಳು ಅಮ್ಮ. ಆಮೇಲೆ ಕನ್ನಡಕದ ಕಡೆ ನೋಡಿ, "ಬಂದವರು ಉಂಡು ಹೋಗ್ತಾರೋ ಹಾಗೇ ಹೋಗ್ತಾರೋ, ಅದು ಅವರವರ ಹಣೆಬರಹ" ಎಂದಳು.

ಭಾನುವಾರ ಹೆಂಡತಿಯರೊಂದಿಗೆ ಮಾವಂದಿರಿಬ್ಬರೂ ಬಂದರು. ನಮ್ಮ ಮನೆಯ ನಡುಕೋಣೆಯಲ್ಲಿ ಎದುರುಬದುರು ಕೂತು ಗೋಡೆ ನೋಡಿದರು. ಮೊದಲ ಅರ್ಧ ಗಂಟೆ ಮಾತು ಅಮ್ಮನ ಮೂಲಕ ಹೋಯಿತು.

"ಅಕ್ಕಾ, ಅನ್ನ ಬೇಕಾ ಕೇಳು ಅವನಿಗೆ" ಎಂದ ದೊಡ್ಡ ಮಾವ.

"ಬೇಡ ಅಂತೆ."

"ತೆಳ್ಳಗಾಗಿದಾನೆ, ಹಾಕ್ಕೋ ಅನ್ನು."

ಚಿಕ್ಕ ಮಾವ ತಲೆ ಎತ್ತಲಿಲ್ಲ, ಆದರೆ ತಟ್ಟೆ ಮುಂದೆ ಸರಿಸಿದ. ದೊಡ್ಡತ್ತೆ ಬಡಿಸಿದಳು. ದೊಡ್ಡ ಮಾವನಿಗೆ ಅಷ್ಟರಲ್ಲಿ ಬಿಕ್ಕಳಿಕೆ ಹತ್ತಿತು. ಚಿಕ್ಕ ಮಾವ ತನ್ನ ಪಕ್ಕದ ಲೋಟ ಎತ್ತಿ, "ತಗೋ, ನೀರು ಕುಡಿ" ಎಂದು ನೇರವಾಗಿ ಅಣ್ಣನ ಕೈಗೇ ಕೊಟ್ಟ.

ಆರು ವರ್ಷದಲ್ಲಿ ಮೊದಲ ಮಾತು. ಚಿಕ್ಕತ್ತೆ ಬಾಗಿಲ ಹಿಂದೆ ಹೋಗಿ ಮೂಗು ಸೀಟಿಕೊಂಡಳು. ದೊಡ್ಡ ಮಾವ ನೀರು ಕುಡಿದು, ತಮ್ಮನ ಮುಖ ನೋಡಿದ. ಇನ್ನೊಂದು ನಿಮಿಷ ಕಳೆದಿದ್ದರೆ ಗಡ್ಡೆ ನೂರಿಪ್ಪತ್ತಾಗುತ್ತಿತ್ತು.

ಅಮ್ಮ ನಕ್ಕಳು. ತುಂಬ ಅಕ್ಕರೆಯ ನಗು. "ನೋಡ್ರಪ್ಪಾ, ಆರು ವರ್ಷ ಬಾವಿಯಿಂದ ಒಂದು ಕೊಡ ಕೊಡದೋನು ಇವತ್ತು ಅಣ್ಣನಿಗೆ ಒಂದು ಲೋಟ ಕೊಟ್ಟ. ಅಷ್ಟೇ ಸಾಕು, ನನ್ನ ಹೊಟ್ಟೆ ತಣ್ಣಗಾಯ್ತು."

ದೊಡ್ಡ ಮಾವನ ಬಿಕ್ಕಳಿಕೆ ನಿಂತಿತು. ಲೋಟ ಕೆಳಗಿಟ್ಟ.

"ನಾನು ಕೊಡದೋನಾ?" ಎಂದ ಚಿಕ್ಕ ಮಾವ. "ಕಂಪ್ರೆಸರ್ ನುಂಗಿದೋರಿಗೆ ನೀರು ಬೇರೆ ಕುಡಿಸ್ಬೇಕಿತ್ತಾ?"

"ಏನೋ ಅಂದೆ? ಟ್ಯಾಂಕರಿಗೆ ಸುರಿದ ದುಡ್ಡಲ್ಲಿ ಎರಡು ಬಾವಿ ತೋಡಿಸ್ಬಹುದಿತ್ತೋ!"

"ತೋಡಿಸ್ಕೋ ಹೋಗು! ಯಾರು ಬೇಡ ಅಂದ್ರು?"

ಮುಂದಿನದನ್ನು ಬರೆಯುವುದರಲ್ಲಿ ಅರ್ಥವಿಲ್ಲ. ಇಬ್ಬರೂ ಅರ್ಧ ಊಟದಲ್ಲಿ ಎದ್ದು ಹೋದರು, ಅವರ ಹಿಂದೆ ಹೆಂಡತಿಯರೂ. ಅಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು.

"ಬೇಕಂತಲೇ ಮಾಡಿದೆ" ಎಂದೆ.

"ನಾನೇನು ಸುಳ್ಳು ಹೇಳಿದ್ನಾ? ಹೋಗೇ, ಓದ್ಕೋ."

ಮರುದಿನ ಗಡ್ಡೆ ಮೂವತ್ತೆಂಟು. ಹೆಂಗಸರು ಅಮ್ಮನ ಬೆನ್ನು ತಟ್ಟಿದರು. ದಲ್ಲಾಳಿ ಹನ್ನೆರಡೂವರೆ ಒಂದು ಬುಟ್ಟಿಯೂ ಸಿಗದೆ ಮೂರು ದಿನ ಕೂತಿದ್ದು, ನಾಲ್ಕನೆಯ ದಿನ ಬರಲೇ ಇಲ್ಲ.

ನಾನು ಲೆಕ್ಕ ತಪ್ಪಿದ್ದು ಇಲ್ಲಿ. ಗೋಡೆಯ ಎರಡೂ ಕಡೆ ಒಂದೇ ನಷ್ಟ ಎಂದುಕೊಂಡಿದ್ದೆ. ದೊಡ್ಡ ಮಾವ ಆ ವರ್ಷ ದೊಡ್ಡ ಬೋಟಿನವರೊಂದಿಗೆ ಇಡೀ ಋತುವಿಗೆ ಗಡ್ಡೆಗೆ ಎಂಬತ್ತರಂತೆ ಕರಾರು ಮಾಡಿಕೊಂಡಿದ್ದ. ನಮ್ಮ ಸ್ಲೇಟಿನ ಆಟದ ಖರ್ಚನ್ನು ಬೋಟಿನವರು ಕೊಡುತ್ತಿದ್ದರು. ಚಿಕ್ಕ ಮಾವನಿಗೆ ಇದ್ದ ಗಿರಾಕಿಗಳು ಕಟ್ಟೆಯ ಹೆಂಗಸರು ಮಾತ್ರ. ಗಡ್ಡೆ ಗಟ್ಟಿಯಾಗಲು ಒಂದಿಡೀ ದಿನ ಬೇಕು. ಅವನು ಕರೆಂಟು ಉಳಿಸಲು ಹದಿನೆಂಟು ಗಂಟೆಗೇ ಎತ್ತತೊಡಗಿದ. ಒಡೆದರೆ ನಡುವೆ ನೀರು. ಹೆಂಗಸರು ಬೈದು ಪಕ್ಕದ ಬಾಗಿಲಿಗೆ ಹೋದರು. ಚಿಕ್ಕ ಮಾವ ಒಳ್ಳೆಯ ಮೆಕ್ಯಾನಿಕ್, ಕಂಪ್ರೆಸರಿನ ಸದ್ದು ಕೇಳಿಯೇ ಎಲ್ಲಿ ಸವೆದಿದೆ ಎಂದು ಹೇಳುವವನು. ಆದರೆ ಸದ್ದು ಕೇಳಿಸಿಕೊಂಡರೆ ಆಯಿತೇ? ಬಿಡಿಭಾಗ ಕೊಳ್ಳಬೇಕು. ಒಂದು ಬುಧವಾರ ಅವನ ಕಡೆ ಸದ್ದು ನಿಂತಿತು. ಅಮ್ಮ ಗಾಡಿ ಹಿಡಿದು ಆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಒಂದೇ ಗಡ್ಡೆಯೊಂದಿಗೆ ಬಂದಳು.

ದೊಡ್ಡ ಮಾವ ಒಂದು ವಾರ ಏನೂ ಮಾಡಲಿಲ್ಲ. ಎಂಟನೆಯ ದಿನ ಸ್ಲೇಟಿನಲ್ಲಿ ನೂರನಲವತ್ತು ಬರೆದ.

"ತಲೆ ಕೆಟ್ಟಿದ್ಯೇನೋ ನಿನಗೆ?" ಎಂದು ಅಮ್ಮ ಕೇಳಿದಳಂತೆ.

"ನೀನು ಮೊದಲ ಗಡ್ಡೆ ತಗೋ ಅಕ್ಕಾ. ಪದ್ಧತಿ ಬಿಡೋದು ಬೇಡ" ಎಂದನಂತೆ. "ಕೊಡೋದು ನೂರನಲವತ್ತೇ ಕೊಡು. ಅವನು ಎಷ್ಟು ಹಿಡಿದಿದಾನೆ ಅಂತ ಮಾತ್ರ ಇನ್ನು ಕೇಳಲ್ಲ."

ಅವನಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಅಮ್ಮನಿಗೆ ಆಗ ತಿಳಿಯಿತು. ಅವಳ ಸುಳ್ಳನ್ನು ಅವನು ದಿನವೂ ಕಾದು ಕೂತು ಖರೀದಿಸಿದ್ದ. ತಮ್ಮನನ್ನು ಮುಳುಗಿಸಲು ಅದಕ್ಕಿಂತ ಅಗ್ಗದ ಸರಕು ಸಿಗುತ್ತಿರಲಿಲ್ಲ.

ಹನ್ನೆರಡೂವರೆ ಮರುದಿನವೇ ಬಂದ. ಹೊಸ ಕುರ್ಚಿ ತಂದಿದ್ದ, ಕೈ ಇಡುವ ಹಿಡಿಕೆಯಿದ್ದದ್ದು.

ಮೂರು ವಾರ ಮಾರುಕಟ್ಟೆಯಲ್ಲಿ ಯಾರೂ ಅಮ್ಮನನ್ನು ಸರಿಯಾಗಿ ಮಾತಾಡಿಸಲಿಲ್ಲ. "ರಾಜಿ ಆಗಿದ್ರೆ ನೂರಿಪ್ಪತ್ತಕ್ಕಾದ್ರೂ ಸಿಗ್ತಿತ್ತು" ಎಂದು ಅವಳಿಗೆ ಕೇಳುವಂತೆ ಒಬ್ಬಳು ಹೇಳಿದಳು. ಲೆಕ್ಕದಲ್ಲಿ ಅವಳು ಸರಿ. ಕನ್ನಡಕ ಮಾತ್ರ ಊಟದ ಡಬ್ಬಿ ಬಿಚ್ಚಿ ಎಂದಿನಂತೆ ಮಧ್ಯಕ್ಕೆ ಇಟ್ಟಳು. "ತಿನ್ನೇ. ಮುಖ ಊದಿಸ್ಕೊಂಡ್ರೆ ಐಸ್ ಕರಗೋದು ನಿಲ್ಲುತ್ತಾ?"

ತಿನ್ನುತ್ತ ಅಮ್ಮನಿಗೆ ಹೊಳೆಯಿತೋ, ಮೊದಲೇ ಹೊಳೆದಿತ್ತೋ. "ಆ ಕಡೆ ತೊಟ್ಟಿ ಸುಮ್ನೆ ಬಿದ್ದಿದೆ. ಬಾವಿ ಇದೆ. ಮೆಕ್ಯಾನಿಕ್ ಇದಾನೆ. ಇಲ್ಲದಿರೋದು ಬಿಡಿಭಾಗಕ್ಕೆ ದುಡ್ಡು ಒಂದೇ" ಎಂದಳು.

ನಾನು ಕುಣಿದಾಡಿದೆ. ಲಾಭ ಹೆಚ್ಚಿದ್ದಲ್ಲಿಗೆ ಹೊಸಬರು ನುಗ್ಗುತ್ತಾರೆ, ದರ ಇಳಿಯುತ್ತದೆ: ಮುಂದಿನ ಅಧ್ಯಾಯದಲ್ಲೇ ಇತ್ತು. ಅಮ್ಮ ಈ ಬಾರಿ "ಆಮೇಲೆ?" ಎಂದು ಕೇಳಲಿಲ್ಲ.

ಅಮ್ಮನೂ ಸೇರಿ ಹನ್ನೊಂದು ಹೆಂಗಸರು ಪಾಲು ಹಾಕಿದರು. ಕನ್ನಡಕದ ಕೈ ಆ ತಿಂಗಳು ಖಾಲಿ. ಗಂಡ ಏಣಿಯಿಂದ ಬಿದ್ದು ಆಸ್ಪತ್ರೆಯಲ್ಲಿದ್ದ. "ನೀನು ಆಮೇಲೆ ಸೇರ್ಕೋ. ನಿನ್ನ ಜಾಗ ಎಲ್ಲಿಗೆ ಹೋಗುತ್ತೆ?" ಎಂದಳು ಅಮ್ಮ. ಪಾಲು ಹಾಕುವಂತೆ ಉಳಿದವರ ಮನೆಮನೆಗೆ ಹೋಗಿ ಬಾಯಿ ನೋಯುವಷ್ಟು ಮಾತಾಡಿದವಳು ಕನ್ನಡಕವೇ.

ಚಿಕ್ಕ ಮಾವ ತನ್ನ ಕಡೆಯನ್ನು ಅವರಿಗೆ ಬಿಟ್ಟುಕೊಟ್ಟು ಅಲ್ಲೇ ಸಂಬಳಕ್ಕೆ ನಿಂತ. ಹತ್ತು ದಿನದಲ್ಲಿ ಕಂಪ್ರೆಸರ್ ಬಿಚ್ಚಿ ಜೋಡಿಸಿದ. ಅಂತೂ ಒಂದು ಸೋಮವಾರ ಬೆಳಿಗ್ಗೆ ಮೊದಲ ಗಡ್ಡೆ ಡಬ್ಬಿಯಿಂದ ಜಾರಿ ಬಂತು, ನಡುವೆ ನೀರಿಲ್ಲದ ಗಟ್ಟಿ ಗಡ್ಡೆ. ಖರ್ಚು ನಾನೇ ಲೆಕ್ಕ ಹಾಕಿದ್ದೆ: ಬಿಡಿಭಾಗವೂ ಸೇರಿ ಐವತ್ತೈದು. ಹೊರಗೆ ನಲವತ್ತು ಹೆಂಗಸರು ಗಾಡಿ ಹಿಡಿದು ನಿಂತಿದ್ದರು. ಅರವತ್ತು ಬರೆಯುತ್ತಾರೆ ಎಂದು ಅವರಿಗೆ ಯಾರೋ ಹೇಳಿದ್ದರು. ಹೇಳಿದ್ದು ನಾನೇ.

ಅಮ್ಮ ಬಳಪ ಹಿಡಿದು ಸ್ಲೇಟಿನ ಮುಂದೆ ನಿಂತಳು. ಗೋಡೆಯಾಚೆಯಿಂದ ದೊಡ್ಡತ್ತೆ ಬಂದು, "ಅತ್ತಿಗೆ, ಒಂದು ನಿಮಿಷ ಒಳಗೆ ಬರ್ಬೇಕಂತೆ. ಚಹಾ ಇಟ್ಟಿದೀನಿ" ಎಂದಳು. ಅಮ್ಮ ಹೋದಳು. ಸ್ವಲ್ಪ ಹೊತ್ತಿಗೆ ಚಿಕ್ಕ ಮಾವನಿಗೂ ಕರೆ ಬಂತು. ಹೊರಗೆ ಇಪ್ಪತ್ತು ನಿಮಿಷ ನಾವೆಲ್ಲ ನಿಂತಿದ್ದೆವು. ಒಳಗಿನಿಂದ ನಗು ಕೇಳಿಸಿತು. ಯಾರೋ ಅಳುತ್ತಲೂ ಇದ್ದರು, ಚಿಕ್ಕತ್ತೆ ಇರಬೇಕು.

ಅಮ್ಮ ಬಾಯಿ ಒರೆಸಿಕೊಳ್ಳುತ್ತ ಬಂದು ನೂರಹತ್ತು ಎಂದು ಬರೆದಳು. ಪಕ್ಕದ ಬಾಗಿಲಲ್ಲಿ ದೊಡ್ಡ ಮಾವ ನೂರನಲವತ್ತನ್ನು ಅಂಗೈಯಿಂದ ಒರೆಸಿ ನೂರಹತ್ತು ಬರೆದ.

"ಏನಮ್ಮ ಇದು?" ಎಂದೆ. "ಒಳಗೆ ದರ ಮಾತಾಡಿದ್ರಾ?"

"ದರದ ಮಾತೇ ಬರ್ಲಿಲ್ಲ. ದೊಡ್ಡೋನ ಮಗಳ ಹೆರಿಗೆ ವಿಷಯ ಮಾತಾಡಿದ್ವಿ. ಬರೋವಾಗ, 'ನಿನಗೂ ಖರ್ಚಿದೆ, ನನಗೂ ಖರ್ಚಿದೆ' ಅಂದ. ಹೌದು ಅಂದೆ. ಅಷ್ಟೇ."

"ಐವತ್ತೈದು ಬೀಳೋದು ನಮಗೆ!"

"ನಮ್ಮ ಹನ್ನೊಂದು ಜನಕ್ಕೆ ಐವತ್ತೈದೇ. ಅವರೇನು ಬೇಡ ಅಂದ್ರಾ, ಕೇಳು."

ಹನ್ನೊಂದು ಜನರನ್ನೂ ನೋಡಿದೆ. ಒಬ್ಬಳು ಸೆರಗು ಸರಿಮಾಡಿಕೊಂಡಳು. ಇನ್ನೊಬ್ಬಳು, ಹಿಂದೆ ಊಟಕ್ಕೆ ಕರೀಬೇಡ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದವಳು, "ಸಾಲಲ್ಲಿ ನಿಲ್ಲಿ, ಸಾಲಲ್ಲಿ! ತಳ್ಳಬೇಡಿ!" ಎಂದು ಜನರನ್ನು ಹದ್ದುಬಸ್ತಿನಲ್ಲಿ ಇಡತೊಡಗಿದಳು.

ಆ ವಾರವೇ ಗೋಡೆಯಲ್ಲಿ ತೂತು ಕೊರೆದು ಬಾವಿಯ ನೀರಿನ ಪೈಪು ಆಚೆಗೆ ಕೊಟ್ಟರು. ಅತ್ತೆಯರು ಸಿಹಿ ಹಂಚಿದರು. ಅಣ್ಣತಮ್ಮ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುವುದನ್ನು ಇಡೀ ಬಂದರು ನೋಡಿತು. ಅಮ್ಮ ಇಷ್ಟು ಸಂತೋಷವಾಗಿದ್ದನ್ನು ನಾನು ಕಂಡಿರಲಿಲ್ಲ. ಅದರಲ್ಲಿ ನಟನೆ ಇರಲಿಲ್ಲ. ಅಕ್ಕನಾಗಿಯೂ ಅವಳು ಗೆದ್ದಿದ್ದಳು, ಅದಕ್ಕೆ ಬೇರೆ ಖರ್ಚೂ ಬಿದ್ದಿರಲಿಲ್ಲ.

ತಿಂಗಳು ಕಳೆದು ಕನ್ನಡಕ ಫ್ಯಾಕ್ಟರಿಗೆ ಬಂದಳು. ಕರವಸ್ತ್ರದಲ್ಲಿ ಗಂಟು ಕಟ್ಟಿದ ದುಡ್ಡು. ಪಾಲಿನ ಮೊತ್ತ, ಪೂರ್ತಿ. ಗಂಟನ್ನು ಮೇಜಿನ ಮೇಲೆ ಇಟ್ಟಳು. ನಾನು ಅಲ್ಲೇ ಕೂತು ಗಡ್ಡೆಗಳ ಲೆಕ್ಕ ಬರೆಯುತ್ತಿದ್ದೆ.

"ಇದನ್ನ ಹಾಕ್ಕೋ. ಇವತ್ತಿಂದ ನಂದೂ ಐವತ್ತೈದು" ಎಂದಳು ನಗುತ್ತ.

ಅಮ್ಮ ಗಂಟು ಮುಟ್ಟಲಿಲ್ಲ. "ಈಗ ಬೇಡ ಕಣೇ. ಹನ್ನೊಂದಕ್ಕೇ ಸಾಕಾಗಿದೆ. ಇನ್ನೊಬ್ಬಳು ಬಂದ್ರೆ ಎಲ್ಲರೂ ಬರ್ತೀನಿ ಅಂತಾರೆ. ಆಮೇಲೆ ನೂರಹತ್ತು ಕೊಡೋರು ಯಾರು?"

ಕನ್ನಡಕ ಇದು ತಮಾಷೆ ಎಂದುಕೊಂಡು ಇನ್ನೂ ಸ್ವಲ್ಪ ನಕ್ಕಳು. ಆಮೇಲೆ ಮೂಗಿನ ಮೇಲಿನ ಕನ್ನಡಕ ತೆಗೆದು ಸೀರೆಯ ಅಂಚಿನಲ್ಲಿ ಒರೆಸಿದಳು, ಹಾಕಿಕೊಂಡು ಅಮ್ಮನನ್ನು ನೋಡಿದಳು.

"ನನ್ನ ಜಾಗ ಎಲ್ಲಿಗೆ ಹೋಗುತ್ತೆ ಅಂದಿದ್ದೆ."

"ಅಂದಿದ್ದೆ. ಆಗ ನಂಗೆ ಗೊತ್ತಿರ್ಲಿಲ್ಲ."

"ಏನು ಗೊತ್ತಿರ್ಲಿಲ್ಲ?"

"ಇದೆಲ್ಲ" ಎಂದಳು ಅಮ್ಮ, ತೊಟ್ಟಿಯ ಕಡೆ ಕೈ ಬೀಸಿ. "ನಿನಗೆ ನೂರಕ್ಕೆ ಕೊಡ್ತೀನಿ. ಯಾರಿಗೂ ಹೇಳ್ಬೇಡ."

ಕನ್ನಡಕ ಗಂಟು ಎತ್ತಿಕೊಂಡಳು. ನೂರರ ಗಡ್ಡೆ ಬೇಡವೆಂದಳು. ಸಾಲಿನಲ್ಲಿ ನಿಂತು, ನೂರಹತ್ತರ ದರದಲ್ಲಿ ಕಾಲು ಗಡ್ಡೆ ತೆಗೆದುಕೊಂಡು, ಗೋಣಿ ಹೊದಿಸಿ ಗಾಡಿ ತಳ್ಳಿಕೊಂಡು ಹೋದಳು. ಕಾಲು ಗಡ್ಡೆ ಹನ್ನೊಂದು ಗಂಟೆಯವರೆಗೆ ಬರುತ್ತದೆ. ಮೋಡ ಇದ್ದರೆ ಹನ್ನೆರಡು.

ಅವಳು ತಿರುವು ದಾಟುವವರೆಗೆ ಅಮ್ಮ ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ ಒಂದು ಹಲಗೆ, ಬಿಳಿ ಬಣ್ಣದ ಡಬ್ಬಿ, ಕುಂಚ ತಂದು ನನ್ನ ಮುಂದಿಟ್ಟಳು.

"ಹೊಸ ಪಾಲುದಾರರನ್ನ ಸೇರಿಸಿಕೊಳ್ಳಲ್ಲ ಅಂತ ಬರಿ. ಓದಿದೋಳು ನೀನು, ಸರಿಯಾಗಿ ಬರಿ. ಎದುರಿಗೆ ನಿಂತು ಹೇಳೋದು ನನ್ನ ಕೈಲಾಗಲ್ಲ."

ನಾನು ಬರೆದೆ. ಮೊದಲ ಸಲ ಸಾಲು ಓರೆಯಾಯಿತು. ಸೀಮೆಎಣ್ಣೆ ಹಾಕಿ ಅಳಿಸಿ, ಸ್ಕೇಲಿಟ್ಟು ಗೆರೆ ಎಳೆದು, ಇನ್ನೊಮ್ಮೆ ಬರೆದೆ.